ಗೊರಕೆಯ ಯಂತ್ರ ಅಟ್ಟ ಸೇರದಿರಲಿ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ನಮ್ಮ ಹಿರಿಯರ ಮಾತು. ಬಸ್ಸು ಹತ್ತಿದ ಕೂಡಲೇ ಕಣ್ಣು ಮುಚ್ಚುವವರನ್ನು, ಕಾಫಿ ಕಣದಲ್ಲಿ ಕುಳಿತಲ್ಲೇ ಗೊರಕೆ ಹೊಡೆಯುವವರನ್ನು, ಭಾನುವಾರ ಪ್ರಬೋಧನೆ ಆರಂಭವಾಗುತ್ತಲೇ ತೂಕಡಿಸುವವರನ್ನು ಕಂಡಾಗ ನಾವು ಈ ಗಾದೆ ಹೇಳಿ ನಗುವುದುಂಟು. ಆದರೆ ಇವರಲ್ಲಿ ಕೆಲವರು ರಾತ್ರಿ ಎಂಟು ಗಂಟೆ ಹಾಸಿಗೆಯಲ್ಲಿ ಮಲಗಿದ್ದರೂ ಸರಿಯಾಗಿ ಒಂದು ಗಂಟೆಯೂ ಬಿಡದೆ ನಿದ್ರಿಸಿರುವುದಿಲ್ಲ. ಅವರಿಗಿರುವುದು ನಿದ್ರಾ ಶ್ವಾಸಸ್ತಂಭನ ಅಥವಾ ಸ್ಲೀಪ್ ಆಪ್ನಿಯ ಎಂಬ ಕಾಯಿಲೆ.

ಈ ಕಾಯಿಲೆಗೆ ವೈದ್ಯರು ಸೂಚಿಸುವ ಸಿಪ್ಯಾಪ್ ಯಂತ್ರವು ಈಗ ನಮ್ಮ ವಯನಾಡಿನ ಹಳ್ಳಿಮನೆಗಳಿಗೂ ಬಂದಿದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರ ಒಂದೆರಡು ವಾರ ಹಾಸಿಗೆಯ ಪಕ್ಕದಲ್ಲಿದ್ದು, ಆಮೇಲೆ ಮಂಚದ ಅಡಿಗೆ, ಕೊನೆಗೆ ಅಟ್ಟಕ್ಕೆ ಹೋಗುವುದನ್ನು ನಾವು ಕೇಳುತ್ತಿದ್ದೇವೆ. ಮೂಗು ಕಟ್ಟಿತು, ಬಾಯಿ ಒಣಗಿತು, ಹೊಟ್ಟೆ ಉಬ್ಬಿತು, ಉಸಿರು ಸಿಕ್ಕಿಕೊಂಡಂತಾಯಿತು ಎಂಬುವೇ ಕಾರಣಗಳು. ಇವುಗಳಲ್ಲಿ ಹೆಚ್ಚಿನವಕ್ಕೆ ಸುಲಭ ಪರಿಹಾರಗಳಿವೆ. ಈ ಸಂಚಿಕೆಯಲ್ಲಿ ಅವುಗಳನ್ನು ಒಂದೊಂದಾಗಿ ನೋಡೋಣ.

ಕಾಯಿಲೆ ಏನು?

ನಾವು ನಿದ್ರಿಸಿದಾಗ ಗಂಟಲಿನ ಮಾಂಸಖಂಡಗಳು ಸಡಿಲಗೊಳ್ಳುತ್ತವೆ. ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ. ಗಾಳಿಯ ದಾರಿ ಕಿರಿದಾದಾಗ ಗೊರಕೆ ಬರುತ್ತದೆ. ದಾರಿ ಪೂರ್ತಿ ಮುಚ್ಚಿದರೆ ಉಸಿರೇ ನಿಲ್ಲುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಹೀಗೆ ನಿಂತಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಗೊಂಡು ಎಚ್ಚರಿಸುತ್ತದೆ, ರೋಗಿ ಏದುಸಿರು ಬಿಟ್ಟು ಮತ್ತೆ ನಿದ್ದೆಗೆ ಜಾರುತ್ತಾನೆ. ಬೆಳಿಗ್ಗೆ ಅವನಿಗೆ ಇದಾವುದೂ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದ್ದ ಹೆಂಡತಿಗೆ ಮಾತ್ರ ಗೊತ್ತು.

ಗಂಟೆಗೆ 5ಕ್ಕಿಂತ ಕಡಿಮೆ ಬಾರಿ ಹೀಗಾದರೆ ಚಿಂತೆಯಿಲ್ಲ. 5ರಿಂದ 15 ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30ಕ್ಕೂ ಮೀರಿದರೆ ತೀವ್ರ ಎಂದು ವೈದ್ಯರು ವಿಂಗಡಿಸುತ್ತಾರೆ. ಬೆಳಗಿನ ತಲೆನೋವು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಸಿಡುಕು, ಮರೆವು, ಮಾತ್ರೆಗೂ ಬಗ್ಗದ ರಕ್ತದೊತ್ತಡ ಇವೆಲ್ಲ ಇದರ ಗುರುತುಗಳು. ದಪ್ಪ ಕುತ್ತಿಗೆಯ ಗಂಡಸರಿಗೆ ಮಾತ್ರ ಬರುತ್ತದೆಂಬುದು ತಪ್ಪು ತಿಳುವಳಿಕೆ. ಸಣ್ಣ ದವಡೆಯ ತೆಳ್ಳಗಿನವರಿಗೂ, ಮುಟ್ಟು ನಿಂತ ಮಹಿಳೆಯರಿಗೂ, ಟಾನ್ಸಿಲ್ ಊದಿಕೊಂಡ ಮಕ್ಕಳಿಗೂ ಬರಬಹುದು. ಹೆಂಗಸರ ಆಯಾಸವನ್ನು ಮನೆಗೆಲಸದ ದಣಿವೆಂದು ತಳ್ಳಿಹಾಕುವುದರಿಂದ ಅವರ ಕಾಯಿಲೆ ಎಷ್ಟೋ ವೇಳೆ ಪತ್ತೆಯೇ ಆಗುವುದಿಲ್ಲ.

ನಮ್ಮ ಜಿಲ್ಲೆಯವರು ಇದನ್ನು ಹಗುರವಾಗಿ ಕಾಣಬಾರದೆನ್ನಲು ಒಂದು ವಿಶೇಷ ಕಾರಣವಿದೆ. ನಮ್ಮ ರೈತರಲ್ಲಿ ಅನೇಕರು ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ, ಹುಣಸೂರು ಕಡೆಗಳಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ. 2009ರಿಂದ ಬಂಡೀಪುರ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ತಡೆಯಿದೆ. ಆದ್ದರಿಂದ ಅರೆನಿದ್ದೆಯಲ್ಲೇ ಎದ್ದು ಗೇಟು ತೆರೆಯುವ ಹೊತ್ತಿಗೆ ಸರಿಯಾಗಿ ಜೀಪು, ಪಿಕಪ್ ಹೊರಡುತ್ತವೆ. ಇನ್ನೊಂದು ಕಡೆ ತಾಮರಶ್ಶೇರಿ ಚುರದ ಒಂಬತ್ತು ಹಿಂತಿರುವುಗಳು. ಸ್ಟಿಯರಿಂಗ್ ಹಿಡಿದವನ ಕಣ್ಣು ಮೂರು ಸೆಕೆಂಡು ಮುಚ್ಚಿದರೆ ಸಾಕು, ಹಿಂದಿನ ಸೀಟಿನ ಮಕ್ಕಳ ಗತಿಯೇನು? ಹಗಲು ತೂಕಡಿಕೆ ಇರುವ ಶ್ವಾಸಸ್ತಂಭನದ ರೋಗಿಯು ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ವಾಹನ ಓಡಿಸಲೇಬಾರದು.

ಯಂತ್ರ ಮಾಡುವುದೇನು?

ಆಸ್ಟ್ರೇಲಿಯದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐವರು ರೋಗಿಗಳ ಮೂಗಿಗೆ ಸತತವಾಗಿ ಗಾಳಿಯ ಒತ್ತಡ ಕೊಟ್ಟು ಈ ಚಿಕಿತ್ಸೆಯ ಫಲವನ್ನು 1981ರಲ್ಲಿ ಪ್ರಕಟಿಸಿದರು. ಯಂತ್ರವು ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಕೊಳವೆ ಮತ್ತು ಮಾಸ್ಕಿನ ಮೂಲಕ ಒಳಗೆ ಬಿಡುತ್ತದೆ. ಆ ಒತ್ತಡವು ಗಂಟಲಿನ ಗೋಡೆಗಳು ಅಂಟಿಕೊಳ್ಳದಂತೆ ಆನಿಸಿ ಹಿಡಿಯುತ್ತದೆ. ಇದು ಆಮ್ಲಜನಕದ ಯಂತ್ರವಲ್ಲ. ಶ್ವಾಸಕೋಶವನ್ನು ದುರ್ಬಲಗೊಳಿಸುವುದೂ ಇಲ್ಲ, ಚಟವಾಗುವುದೂ ಇಲ್ಲ.

ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 4ರಿಂದ 20ರವರೆಗೆ. 10 ಎಂದರೆ ಪಾತ್ರೆಯಲ್ಲಿ ಅರ್ಧ ಗೇಣಿಗಿಂತ ಕಡಿಮೆ ನೀರು ನಿಂತಾಗ ಅದರ ತಳದಲ್ಲಿರುವ ಒತ್ತಡ, ಅಷ್ಟೇ. ಎಷ್ಟು ಒತ್ತಡ ಬೇಕೆಂದು ನಿದ್ರಾ ಪರೀಕ್ಷೆಯ ನಂತರ ವೈದ್ಯರು ನಿರ್ಧರಿಸಬೇಕು. ನೆರೆಯವರ ಯಂತ್ರದ ಅಳತೆಯನ್ನು ನಿಮಗೆ ಇಟ್ಟುಕೊಳ್ಳಬೇಡಿರಿ.

1. ಉಸಿರು ಕಟ್ಟಿದಂತಾಗುತ್ತದೆ, ಹೆದರಿಕೆಯಾಗುತ್ತದೆ

ಬೋರ್ಡೋ ದ್ರಾವಣ ಹೊಡೆಯುವಾಗ ಮುಖಕ್ಕೆ ಬಟ್ಟೆ ಕಟ್ಟಿ ರೂಢಿಯಿರುವವರಿಗೂ ಈ ಮಾಸ್ಕ್ ಮೊದಲಿಗೆ ಹಿಂಸೆಯೇ. ಹೊಸ ಎತ್ತಿಗೆ ನೊಗ ಒಂದೇ ದಿನಕ್ಕೆ ಒಗ್ಗುವುದಿಲ್ಲ. ಹಗಲಿನಲ್ಲಿ ಅಭ್ಯಾಸ ಮಾಡಿರಿ. ಮೊದಲ ಎರಡು ದಿನ ಕುಳಿತು ರೇಡಿಯೊ ಕೇಳುತ್ತಾ ಮಾಸ್ಕನ್ನು ಕೈಯಲ್ಲೇ ಮುಖಕ್ಕೆ ಹಿಡಿಯಿರಿ. ಆಮೇಲೆ ಪಟ್ಟಿ ಕಟ್ಟಿರಿ. ಅನಂತರ ಗಾಳಿ ಹಾಕಿ ಹದಿನೈದು ಇಪ್ಪತ್ತು ನಿಮಿಷ ಕುಳಿತಿರಿ. ಮುಂದೆ ಮಧ್ಯಾಹ್ನದ ಮಲಗುವಿಕೆಗೆ, ಕೊನೆಗೆ ರಾತ್ರಿಗೆ. ಬೇಕೆಂದಾಗ ತೆಗೆಯಬಹುದೆಂಬುದು ಮನಸ್ಸಿಗೆ ಖಾತ್ರಿಯಾದರೆ ಹೆದರಿಕೆ ತಾನಾಗಿ ಇಳಿಯುತ್ತದೆ.

ಬಹುತೇಕ ಯಂತ್ರಗಳಲ್ಲಿ ರ‍್ಯಾಂಪ್ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಗಾಳಿ ಕಡಿಮೆ ಒತ್ತಡದಲ್ಲಿ ಆರಂಭವಾಗಿ, ನೀವು ನಿದ್ರಿಸುವ ಹೊತ್ತಿಗೆ ನಿಧಾನವಾಗಿ ಏರುತ್ತದೆ. ಉಸಿರು ಬಿಡುವಾಗ ಎದುರು ಗಾಳಿ ತಳ್ಳಿದಂತಾಗುವವರಿಗೆ ಆ ಕ್ಷಣ ಒತ್ತಡ ತಗ್ಗಿಸುವ ಸೌಲಭ್ಯವೂ ಇದೆ. ಯಂತ್ರ ಮಾರಿದವರಲ್ಲಿ ಅಥವಾ ವೈದ್ಯರಲ್ಲಿ ಕೇಳಿ ಇವುಗಳನ್ನು ಚಾಲು ಮಾಡಿಸಿರಿ.

2. ಗಾಳಿ ಸೋರುತ್ತದೆ, ಸದ್ದು ಮಾಡುತ್ತದೆ, ಕಣ್ಣು ಉರಿಯುತ್ತದೆ

ಕಾಫಿಗೆ ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೈಪಿನ ಜೋಡಣೆಯಲ್ಲಿ ಸೋರಿಕೆಯಿದ್ದರೆ ಪಂಪು ಎಷ್ಟು ಓಡಿದರೂ ತುದಿಗೆ ಒತ್ತಡ ಮುಟ್ಟುವುದಿಲ್ಲ. ಮಾಸ್ಕ್ ಸೋರಿದಾಗ ಯಂತ್ರ ಅದನ್ನು ತುಂಬಲು ಹೆಚ್ಚು ಗಾಳಿ ತಳ್ಳುತ್ತದೆ, ಸದ್ದು ಏರುತ್ತದೆ. ಮೂಗಿನ ಮೇಲ್ಭಾಗದಲ್ಲಿ ಸೋರಿದ ಗಾಳಿ ಕಣ್ಣಿಗೆ ಬಡಿದು ಬೆಳಿಗ್ಗೆ ಕಣ್ಣು ಕೆಂಪಾಗುತ್ತದೆ. ಆದರೆ ಮಾಸ್ಕಿನ ಮುಂಭಾಗದ ಸಣ್ಣ ರಂಧ್ರಗಳಿಂದ ಗಾಳಿ ಹೊರಬರುವುದು ಸೋರಿಕೆಯಲ್ಲ. ನಾವು ಬಿಟ್ಟ ಕೆಟ್ಟ ಗಾಳಿ ಹೊರಹೋಗಲು ಇರುವ ದಾರಿ ಅದು. ಅದನ್ನು ಎಂದಿಗೂ ಮುಚ್ಚಬೇಡಿರಿ.

ಹೆಚ್ಚಿನವರು ಸೋರಿದ ಕೂಡಲೇ ಪಟ್ಟಿ ಬಿಗಿಯುತ್ತಾರೆ. ಬಿಗಿದಷ್ಟೂ ಮೆತ್ತೆ ಮಡಿಚಿಕೊಂಡು ಸೋರಿಕೆ ಜಾಸ್ತಿಯಾಗುತ್ತದೆ, ಮೂಗಿನ ಮೇಲೆ ಗಾಯವೂ ಆಗುತ್ತದೆ. ಸರಿಯಾದ ಕ್ರಮ ಹೀಗಿದೆ: ಮಲಗುವ ಭಂಗಿಯಲ್ಲಿ ಮಲಗಿ, ಗಾಳಿ ಹಾಕಿ, ಮಾಸ್ಕನ್ನು ಮುಖದಿಂದ ಸ್ವಲ್ಪ ಎತ್ತಿ ಮತ್ತೆ ಕೂರಿಸಿರಿ. ಅನಂತರ ಎರಡೂ ಬದಿಯ ಪಟ್ಟಿಗಳನ್ನು ಸಮವಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ ಎಳೆಯಿರಿ. ಕುಳಿತು ಕಟ್ಟಿದ ಮಾಸ್ಕ್ ಮಲಗಿದಾಗ ಸಡಿಲವಾಗುತ್ತದೆ.

ರಾತ್ರಿ ಮುಖಕ್ಕೆ ತೆಂಗಿನೆಣ್ಣೆ, ಕ್ರೀಮು ಹಚ್ಚುವ ಅಭ್ಯಾಸವಿದ್ದರೆ ಬಿಡಿರಿ. ಎಣ್ಣೆಯಿಂದ ಮೆತ್ತೆ ಜಾರುತ್ತದೆ, ಬೇಗ ಹಾಳಾಗುತ್ತದೆ. ಮುಖ ತೊಳೆದು ಒರೆಸಿ ಕಟ್ಟಿರಿ. ದಪ್ಪ ಮೀಸೆ, ಗಡ್ಡದವರಿಗೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕ್ ಒಪ್ಪುತ್ತದೆ. ಚರ್ಮ ಕೆಂಪಾದರೆ ಹಳೆಯ ಹತ್ತಿ ಬಟ್ಟೆಯ ತೆಳುವಾದ ತುಂಡನ್ನು ನಡುವೆ ಇಟ್ಟು ನೋಡಬಹುದು. ಚರ್ಮ ಒಡೆದಿದ್ದರೆ ಬೇರೆ ಬಗೆಯ ಮಾಸ್ಕ್ ಬೇಕು. ಕೆಲವು ಮಾಸ್ಕುಗಳ ಕೊಂಡಿಯಲ್ಲಿ ಅಯಸ್ಕಾಂತವಿರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಅವರ ಪಕ್ಕದಲ್ಲಿ ಮಲಗುವವರು ಅಂಥದ್ದನ್ನು ಕೊಳ್ಳಬಾರದು.

3. ಬಾಯಿ, ಗಂಟಲು ಒಣಗುತ್ತದೆ

ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಿ ತೆರೆದು ಮಲಗಿದರೆ ಗಾಳಿಯೆಲ್ಲ ಬಾಯಿಂದ ಹೊರಹೋಗುತ್ತದೆ. ಮೊದಲು ಮೂಗು ಕಟ್ಟಿದೆಯೇ ನೋಡಿರಿ. ಕಟ್ಟಿಲ್ಲದಿದ್ದರೆ ಗದ್ದಕ್ಕೆ ಕಟ್ಟುವ ಪಟ್ಟಿಯಿಂದ ಪ್ರಯೋಜನವಾಗಬಹುದು. ಅದರಿಂದಲೂ ಆಗದಿದ್ದರೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಕೇಳಿರಿ. ಬಾಯಿಗೆ ಅಂಟುಪಟ್ಟಿ ಹಚ್ಚುವ ಸಾಹಸ ಬೇಡ. ರಾತ್ರಿ ವಾಂತಿ ಬಂದರೆ ಅಪಾಯ.

ಯಂತ್ರಕ್ಕೆ ಜೋಡಿಸುವ ಬಿಸಿನೀರಿನ ತೊಟ್ಟಿ ಗಾಳಿಗೆ ತೇವ ಕೊಡುತ್ತದೆ. ಗಂಟಲು ಒಣಗುತ್ತಿದ್ದರೆ ಅದರ ಅಳತೆಯನ್ನು ಒಂದೊಂದೇ ಹಂತ ಏರಿಸಿರಿ.

4. ಮೂಗು ಕಟ್ಟುತ್ತದೆ, ಸೀನು ಬರುತ್ತದೆ

ಒಲೆಯ ಹೊಗೆ, ಮೆಣಸು ಬಡಿಯುವಾಗಿನ ಧೂಳು, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ನಮ್ಮಲ್ಲಿ ಅನೇಕರ ಮೂಗಿಗೆ ಶತ್ರುಗಳು. ಯಂತ್ರ ಎಳೆಯುವುದು ಕೋಣೆಯ ಗಾಳಿಯನ್ನೇ. ಆದ್ದರಿಂದ ಅಡಿಗೆಮನೆಯ ಗೋಡೆಗೆ ತಾಗಿದ ಕೋಣೆ, ಚೀಲಗಟ್ಟಲೆ ಕಾಫಿ ಪೇರಿಸಿಟ್ಟ ಕೋಣೆ ಇದಕ್ಕೆ ತಕ್ಕುದಲ್ಲ. ಮಲಗುವ ಮೊದಲು ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯಿರಿ. ಅಂಗಡಿಯಲ್ಲಿ ಸಿಗುವ ಮೂಗು ಬಿಡಿಸುವ ಹನಿಗಳನ್ನು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಹಾಕಿದರೆ, ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಬಹಳ ದಿನದ ಅಲರ್ಜಿಗೆ ವೈದ್ಯರು ಬೇರೆ ಸ್ಪ್ರೇ ಕೊಡುತ್ತಾರೆ.

ಇಲ್ಲೊಂದು ಎಚ್ಚರಿಕೆ. ನೀಲಗಿರಿ ಎಣ್ಣೆ ನಮ್ಮ ಎಲ್ಲರ ಮನೆಯಲ್ಲೂ ಇದೆ. ನೆಗಡಿಗೆ ಹಬೆ ತೆಗೆದುಕೊಂಡಂತೆ ಯಂತ್ರದ ತೊಟ್ಟಿಗೂ ನಾಲ್ಕು ಹನಿ ಹಾಕೋಣವೆಂದು ಕೆಲವರು ಯೋಚಿಸುತ್ತಾರೆ. ಖಂಡಿತ ಕೂಡದು. ಎಣ್ಣೆಯ ಅಂಶ ರಾತ್ರಿಯಿಡೀ ಶ್ವಾಸಕೋಶಕ್ಕೆ ಹೋಗಿ ಕೆರಳಿಸುತ್ತದೆ, ತೊಟ್ಟಿಯೂ ಕೆಡುತ್ತದೆ.

5. ಹೊಟ್ಟೆ ಉಬ್ಬುತ್ತದೆ, ತೇಗು ಬರುತ್ತದೆ

ಗಾಳಿ ಶ್ವಾಸನಾಳದ ಬದಲು ಅನ್ನನಾಳಕ್ಕೆ ಇಳಿದರೆ ಹೀಗಾಗುತ್ತದೆ. ರಾತ್ರಿ ಊಟ ಮಲಗುವುದಕ್ಕಿಂತ ಎರಡು ಮೂರು ಗಂಟೆ ಮೊದಲೇ ಮುಗಿಯಲಿ. ಮಂಚದ ತಲೆಯ ಕಡೆಯ ಕಾಲುಗಳಿಗೆ ಮರದ ತುಂಡು ಕೊಟ್ಟು ಸ್ವಲ್ಪ ಎತ್ತರಿಸಿರಿ, ಎಡಮಗ್ಗುಲಲ್ಲಿ ಮಲಗಿರಿ. ಎದೆಯುರಿ ಇರುವವರು ಅದಕ್ಕೆ ಔಷಧಿ ತೆಗೆದುಕೊಳ್ಳಬೇಕು. ಆಗಲೂ ನಿಲ್ಲದಿದ್ದರೆ ಒತ್ತಡ ಹೆಚ್ಚಾಗಿರಬಹುದು, ವೈದ್ಯರಿಗೆ ತಿಳಿಸಿರಿ. ನೀವಾಗಿ ತಿರುಗಿಸಬೇಡಿರಿ.

6. ಕೊಳವೆಯಲ್ಲಿ ನೀರು, ಮುಖಕ್ಕೆ ಹನಿ

ಡಿಸೆಂಬರ್, ಜನವರಿಯ ನಮ್ಮ ಚಳಿಯಲ್ಲಿ ಇದು ಸಾಮಾನ್ಯ. ಬೆಚ್ಚನೆಯ ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ಹರಿದಾಗ, ಬೆಳಗಿನ ಮಂಜು ಎಲೆಯ ಮೇಲೆ ನೀರಾದಂತೆ ಒಳಗೆ ಹನಿಗಟ್ಟುತ್ತದೆ. ಗಳಗಳ ಸದ್ದು ಕೇಳಿ ಯಂತ್ರ ಕೆಟ್ಟಿತೆಂದು ಗಾಬರಿ ಬೇಡ. ಕೊಳವೆಯನ್ನು ಕಂಬಳಿಯ ಒಳಗೆ ಬರಮಾಡಿಕೊಳ್ಳಿರಿ ಅಥವಾ ದಪ್ಪ ಬಟ್ಟೆ ಸುತ್ತಿರಿ. ಯಂತ್ರವನ್ನು ಹಾಸಿಗೆಗಿಂತ ತಗ್ಗಿನ ಸ್ಟೂಲಿನ ಮೇಲಿಡಿರಿ, ಆಗ ಹನಿಗಳು ಹಿಂದಕ್ಕೆ ತೊಟ್ಟಿಗೆ ಇಳಿಯುತ್ತವೆ. ತೇವದ ಅಳತೆಯನ್ನೂ ಒಂದು ಹಂತ ಇಳಿಸಿರಿ.

ನೀರು ಮತ್ತು ಶುಚಿ

ತೊಟ್ಟಿಗೆ ಹಾಕಬೇಕಾದುದು ಔಷಧಿ ಅಂಗಡಿಯಲ್ಲಿ ಸಿಗುವ ಮೊಹರು ಮಾಡಿದ ಭಟ್ಟಿ ನೀರು. ಬಾವಿಯ ನೀರಿನಲ್ಲಿರುವ ಲವಣ ತೊಟ್ಟಿಯ ತಳದಲ್ಲಿ ಬಿಳಿ ಪೊರೆಯಾಗಿ ಕೂರುತ್ತದೆ, ರೋಗಾಣುಗಳ ಭಯವೂ ಇದೆ. ಒಂದೆರಡು ದಿನಕ್ಕೆ ಬೇರೆ ದಾರಿಯಿಲ್ಲದಿದ್ದರೆ ಚೆನ್ನಾಗಿ ಕುದಿಸಿ ಆರಿಸಿದ ನೀರು ಹಾಕಬಹುದು. ಬ್ಯಾಟರಿಗೆ ಹಾಕುವ ನೀರು ಉಸಿರಾಟಕ್ಕೆಂದು ತಯಾರಿಸಿದ್ದಲ್ಲ, ಅದು ಬೇಡ.

ಪ್ರತಿದಿನ ಬೆಳಿಗ್ಗೆ ಉಳಿದ ನೀರು ಚೆಲ್ಲಿ ತೊಟ್ಟಿಯನ್ನು ಒಣಗಿಸಿರಿ, ಮಾಸ್ಕಿನ ಮೆತ್ತೆಯನ್ನು ಒರೆಸಿರಿ. ವಾರಕ್ಕೊಮ್ಮೆ ಮಾಸ್ಕ್, ಕೊಳವೆ, ತೊಟ್ಟಿಗಳನ್ನು ಮೃದುವಾದ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಿರಿ. ಡೆಟಾಲ್, ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿರಿ. ಸೋಸುವ ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿದರೆ ಬದಲಿಸುವ ಸಮಯ ಬಂತೆಂದು ತಿಳಿಯಿರಿ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಕೊಳವೆ ಒಣಗುವುದು ಕಷ್ಟ. ನೇತುಹಾಕಿ, ಸಾಧ್ಯವಾದರೆ ಫ್ಯಾನಿನ ಗಾಳಿಗೆ ಹಿಡಿಯಿರಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆ ಹಿಡಿಯುತ್ತದೆ.

ಕರೆಂಟು ಹೋದರೆ?

ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ರಾತ್ರಿಯೆಲ್ಲ ಕತ್ತಲೆ. ನಿದ್ದೆಯಲ್ಲಿ ಕರೆಂಟು ಹೋದರೆ ಉಸಿರುಗಟ್ಟಿ ಸಾಯುತ್ತೇವೆಂಬ ಭಯ ಅನೇಕರಿಗಿದೆ. ಮಾಸ್ಕಿನಲ್ಲಿ ರಂಧ್ರಗಳಿವೆ. ಬಾಯಿಯನ್ನೂ ಮುಚ್ಚುವ ಮಾಸ್ಕಿನಲ್ಲಿ ಯಂತ್ರ ನಿಂತಾಗ ತಾನಾಗಿ ತೆರೆದುಕೊಳ್ಳುವ ಕವಾಟವೂ ಇದೆ. ಆದರೂ ಯಂತ್ರ ನಿಂತದ್ದು ಅರಿವಿಗೆ ಬಂದ ಕೂಡಲೇ ಮಾಸ್ಕ್ ತೆಗೆದು, ಮಗ್ಗುಲಾಗಿ ಮಲಗಿರಿ. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಬೀಳುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಯಂತ್ರವನ್ನು ಅದಕ್ಕೆ ಜೋಡಿಸಬಹುದು. ಹೆಚ್ಚು ವಿದ್ಯುತ್ ತಿನ್ನುವುದು ನೀರು ಬಿಸಿ ಮಾಡುವ ಭಾಗ. ಇನ್ವರ್ಟರಿನಲ್ಲಿ ಓಡುವಾಗ ಅದನ್ನು ನಿಲ್ಲಿಸಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಶುಂಠಿ ಹೊಲದ ಶೆಡ್ಡಿನಲ್ಲಿ ಮಲಗುವವರು ತಮ್ಮ ಯಂತ್ರಕ್ಕೆ ಸರಿಯಾದ ಬ್ಯಾಟರಿ ತಂತಿಯನ್ನು ಕಂಪನಿಯಿಂದಲೇ ಕೇಳಿ ಕೊಳ್ಳಬೇಕು. ಗುಡುಗು ಸಿಡಿಲಿನ ರಾತ್ರಿ ಪ್ಲಗ್ ಕಿತ್ತಿಡಿರಿ. ಯಂತ್ರವನ್ನು ಎಲ್ಲಿಗೆ ಒಯ್ಯುವುದಿದ್ದರೂ ಮೊದಲು ತೊಟ್ಟಿಯ ನೀರು ಚೆಲ್ಲಿರಿ. ಓರೆಯಾಗಿ ನೀರು ಮೋಟಾರಿಗೆ ಇಳಿದರೆ ಯಂತ್ರ ಮುಗಿದಂತೆ.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ನಡೆದುದನ್ನು ನಾವಾರೂ ಮರೆತಿಲ್ಲ. ಮಳೆಗಾಲದಲ್ಲಿ ಮನೆ ಬಿಟ್ಟು ಶಿಬಿರಕ್ಕೆ ಹೋಗಬೇಕೆಂಬ ಸೂಚನೆ ಬಂದರೆ ರಕ್ತದೊತ್ತಡದ ಮಾತ್ರೆ, ಇನ್ಸುಲಿನ್ ಜೊತೆಗೆ ಈ ಯಂತ್ರವನ್ನೂ, ವೈದ್ಯರ ಚೀಟಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಳ್ಳಲು ಸಿದ್ಧವಾಗಿಟ್ಟಿರಿ. ಆದರೆ ಪ್ರಾಣಕ್ಕೆ ಅಪಾಯವಿರುವಾಗ ಯಂತ್ರ ಹುಡುಕುತ್ತಾ ನಿಲ್ಲಬೇಡಿರಿ.

ಹಳೆಯ ಯಂತ್ರ ಕೊಳ್ಳಬಹುದೇ?

ಬೆಲೆ ಹೆಚ್ಚೆಂದು ಕೆಲವರು ಬಳಸಿದ ಯಂತ್ರ ಹುಡುಕುತ್ತಾರೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿಯು ಒಳಗಿನ ಸದ್ದಡಗಿಸುವ ಫೋಮ್ ಪುಡಿಯಾಗಬಹುದೆಂಬ ಕಾರಣಕ್ಕೆ ತನ್ನ ಲಕ್ಷಗಟ್ಟಲೆ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಆದ್ದರಿಂದ ಮಾದರಿಯ ಹೆಸರು, ತಯಾರಾದ ವರ್ಷ ನೋಡದೆ ಹಳೆಯದನ್ನು ಕೊಳ್ಳಬಾರದು. ಅದಕ್ಕಿಂತ ಒಂದು ತಿಂಗಳು ಬಾಡಿಗೆಗೆ ತಂದು, ಒಗ್ಗಿದ ಮೇಲೆ ಕೊಳ್ಳುವುದು ಜಾಣತನ. ನಿದ್ರಾ ಪರೀಕ್ಷೆಗೆ ಕೋಝಿಕ್ಕೋಡ್, ಮೈಸೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸೌಕರ್ಯವಿದೆ.

ಎಷ್ಟು ಹೊತ್ತು ಹಾಕಬೇಕು?

ನಿದ್ರಿಸುವಷ್ಟು ಹೊತ್ತೂ ಹಾಕಬೇಕು. ಆರಂಭದಲ್ಲಿ ಕನಿಷ್ಠ ನಾಲ್ಕು ಗಂಟೆ ಗುರಿಯಿಟ್ಟು ಮುಂದುವರಿಸಿರಿ. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೃದ್ರೋಗವೋ ಮೆದುಳಿನ ರಕ್ತನಾಳದ ಕಾಯಿಲೆಯೋ ಇದ್ದ 2,717 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲ 2016ರಲ್ಲಿ ಪ್ರಕಟವಾಯಿತು. ಯಂತ್ರ ಹಾಕಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದು ಕಂಡುಬರಲಿಲ್ಲ. ಗೊರಕೆ, ಹಗಲು ನಿದ್ದೆ ಕಡಿಮೆಯಾಗಿ ಮನಸ್ಸು ಹಗುರವಾದದ್ದು ಕಂಡಿತು. ಅವರು ಯಂತ್ರ ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಎಂಬುದೂ ಗಮನಿಸಬೇಕಾದ ಸಂಗತಿ. ಆದ್ದರಿಂದ ಯಂತ್ರ ಬಂತೆಂದು ರಕ್ತದೊತ್ತಡದ ಮಾತ್ರೆ ಬಿಡುವಂತಿಲ್ಲ. ತೂಕ ಇಳಿಸುವುದು, ಸಂಜೆಯ ಮದ್ಯ ಬಿಡುವುದು, ಬೀಡಿ ಸಿಗರೇಟು ಬಿಡುವುದು ಜೊತೆಯಲ್ಲೇ ನಡೆಯಬೇಕು. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ನುಂಗುವುದಂತೂ ಬೇಡವೇ ಬೇಡ.

ವೈದ್ಯರ ಬಳಿಗೆ ಯಾವಾಗ?

ಪದೇ ಪದೇ ಮೂಗಿನಿಂದ ರಕ್ತ, ಕಿವಿನೋವು, ಮುಖದ ಎಲುಬಿನಲ್ಲಿ ನೋವು, ಜ್ವರ ಬಂದರೆ ತಡಮಾಡಬೇಡಿರಿ. ಎದೆನೋವು, ಉಸಿರಾಟದ ತೀವ್ರ ತೊಂದರೆ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿರಿ. ಒಂದು ತಿಂಗಳು ಸರಿಯಾಗಿ ಹಾಕಿದರೂ ಹಗಲು ತೂಕಡಿಕೆ ಹೋಗದಿದ್ದರೆ ಒತ್ತಡ ಸಾಲದಿರಬಹುದು, ಇಲ್ಲವೇ ಬೇರೆ ಕಾರಣವಿರಬಹುದು. ತೂಕ ಬಹಳ ಏರಿದರೆ ಅಥವಾ ಇಳಿದರೆ ಮರುಪರೀಕ್ಷೆ ಬೇಕು. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಈ ಯಂತ್ರ ಬಳಸುತ್ತಿರುವುದನ್ನು ಅರಿವಳಿಕೆ ಕೊಡುವ ವೈದ್ಯರಿಗೆ ಹೇಳಲು ಮರೆಯಬಾರದು. ಹೋಗುವಾಗ ಯಂತ್ರವನ್ನೂ ಮಾಸ್ಕನ್ನೂ ಕೊಂಡೊಯ್ಯಿರಿ. ಎಷ್ಟು ಗಂಟೆ ಹಾಕಿದಿರಿ, ಎಷ್ಟು ಸೋರಿತು ಎಂಬ ಲೆಕ್ಕ ಅದರಲ್ಲೇ ಬರೆದಿರುತ್ತದೆ.

ಮನೆಯವರಿಗೆ ಒಂದು ಮಾತು

ಮಾಸ್ಕ್ ಹಾಕಿದ ಅಪ್ಪನನ್ನು ಕಂಡು ಮಕ್ಕಳು ಆನೆ ಸೊಂಡಿಲೆಂದು ನಗುವುದು ಸಹಜ. ಆ ನಗುವಿಗೆ ನಾಚಿ ಯಂತ್ರ ಬಿಟ್ಟವರಿದ್ದಾರೆ, ನೆಂಟರ ಮನೆಗೆ ಹೋದಾಗ ಒಯ್ಯದವರಿದ್ದಾರೆ. ಕನ್ನಡಕ ಹಾಕುವುದರಲ್ಲಿ ಇಲ್ಲದ ನಾಚಿಕೆ ಇದರಲ್ಲಿ ಏಕೆ? ಮೊದಲ ತಿಂಗಳು ಪತಿ ಪತ್ನಿಯರು ಒಬ್ಬರಿಗೊಬ್ಬರು ನೆರವಾಗಿರಿ. ಮಧ್ಯರಾತ್ರಿ ಮಾಸ್ಕ್ ಕಳಚಿದ್ದರೆ ಮೆಲ್ಲನೆ ಎಬ್ಬಿಸಿ ಮತ್ತೆ ಕಟ್ಟಿರಿ. ನಿದ್ದೆಗಣ್ಣಿನಲ್ಲಿ ತಾನೇ ಕಿತ್ತೆಸೆಯುವುದು ಆರಂಭದಲ್ಲಿ ಎಲ್ಲರಲ್ಲೂ ಇರುವುದೇ, ಅದಕ್ಕಾಗಿ ಬೈಯಬೇಡಿರಿ. ಈಗಾಗಲೇ ಅಟ್ಟ ಸೇರಿದ ಯಂತ್ರವಿದ್ದರೆ ಈ ವಾರವೇ ಕೆಳಗಿಳಿಸಿ, ಧೂಳು ಒರೆಸಿ, ಹೊಸ ಫಿಲ್ಟರ್ ಹಾಕಿ, ಹಗಲಿನ ಹದಿನೈದು ನಿಮಿಷದ ಅಭ್ಯಾಸದಿಂದ ಮತ್ತೆ ಆರಂಭಿಸಿರಿ.